ಗೂಟದ ಮೇಲಿನ ಕೋಟು

ನೇಸರಗಿ,
ಜನವರಿ ೧೯೭೯

ತೀರ್ಥರೂಪ ಅಪ್ಪನವರಿಗೆ ಹಿರಿಯ ಮಗಳು ಸುಂದರವ್ವ ಮಾಡುವ ನಮಸ್ಕಾರಗಳು.

ಶಾಲೆಯಲ್ಲಿ ಕಲಿಸಿದ ಒಕ್ಕಣೆ ಇಲ್ಲಿಗೆ ಮುಗಿಯಿತು ಅಪ್ಪಾ. ನಿನಗೆ ‘ನೀವು’ ಎಂದು ಬರೆಯುತ್ತ ಹೋದರೆ ಯಾರೋ ಸಾಹೇಬರಿಗೆ ಅರ್ಜಿ ಬರೆದಂತಾಗಿ ಕೈ ಬಿಗಿಯುತ್ತದೆ. ಇನ್ನು ಮೇಲೆ ನೀನು, ನಾನು, ಅಷ್ಟೇ. ಇದನ್ನು ತಂಗಿ ಕೃಷ್ಣವ್ವನ ಕೈಯಲ್ಲಿ ಓದಿಸಬೇಡ. ಅದಕ್ಕೇ ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ನವಿಲುತೀರ್ಥದ ಡ್ಯಾಮಿನ ಕ್ಯಾಂಪಿನ ರಾತ್ರಿ ಶಾಲೆಯಲ್ಲಿ ನೀನು ಕಲಿತ ಓದು ಇಷ್ಟಕ್ಕೆ ಧಾರಾಳ ಸಾಕು. ಚಹಾ ಕುಡಿದು, ಚಾಳೀಸು ಹಾಕಿಕೊಂಡು, ಅವಸರ ಮಾಡದೆ ಓದು.

ನಿನ್ನ ಕಾಗದ ತಲುಪಿತು. ಕೃಷ್ಣವ್ವನನ್ನು ನೋಡಲು ಸವದತ್ತಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ಓದಿ ಹಿಗ್ಗಿದೆ. ತಂಗಿ ಅಷ್ಟು ದೊಡ್ಡವಳಾದಳೇ ಎಂದು ಅಚ್ಚರಿಯೂ ಆಯಿತು. ಆದರೆ ಅದರ ಕೆಳಗಿನ ಸಾಲುಗಳನ್ನು ಓದಿ ನಕ್ಕೆ, ನಕ್ಕ ಮೇಲೆ ಮತ್ತೊಮ್ಮೆ ಓದಿದೆ. ಅವರು ಅನುಕೂಲಸ್ಥರು, ಈ ಸಲ ಎಲ್ಲವೂ ಹೊಸದೇ ಆಗಬೇಕು, ಹಳೆಯ ಕುರ್ಚಿಗಳನ್ನು ಹಿತ್ತಲಿಗೆ ಹಾಕುತ್ತೇನೆ, ನನಗೂ ಒಂದು ಹೊಸ ಕೋಟು ಹೊಲಿಸಿಕೊಳ್ಳುತ್ತೇನೆ, ಅಳಿಯನಿಗೆ ಮೊದಲೇ ಹೇಳಿ ಕರೆದುಕೊಂಡು ಬಾ, ಬಂದವರ ಮುಂದೆ ಹಳೇ ಸಾಮಾನಿನ ಮಾತು ತೆಗೆಯುವುದು ಬೇಡ ಎಂದೆಲ್ಲ ಬರೆದಿದ್ದೀಯ. ಇವರಿಗೆ ಓದಿ ಹೇಳಿದೆ. ಮೀಸೆಯೊಳಗೇ ನಕ್ಕು, “ಮಾವಾರಿಗೆ ನನ್ನ ಬಾಯೀದು ಭಾಳ ಹೆದರಿಕಿ ಕುಂತೈತಿ” ಎಂದರು.

ಕೋಟಿನ ಮಾತನ್ನು ನೀನಾಗಿಯೇ ತೆಗೆದೆಯಲ್ಲ, ಅದರ ಎಳೆ ಹಿಡಿದುಕೊಂಡೇ ನಾನೂ ಹೇಳುತ್ತೇನೆ. ನನ್ನ ಮದುವೆಯಾಗಿ ಮೂರು ವರ್ಷವಾಯಿತು. ನೀನು ನೇಸರಗಿಗೆ ಎಷ್ಟೋ ಸಲ ಬಂದಿದ್ದೀಯ. ಜೋಳದ ಹಿಟ್ಟು ತಂದಿದ್ದೀಯ, ರೊಟ್ಟಿಗೆ ಹಚ್ಚಿಕೊಳ್ಳಲು ಅವ್ವ ಕೊಟ್ಟ ಶೇಂಗಾ ಹಿಂಡಿ ತಂದಿದ್ದೀಯ, ಒಮ್ಮೆ ನಮ್ಮ ಒಲೆಯ ಹಿಂದಿನ ಗೋಡೆ ಬಿರಿದಿದೆ ಎಂದು ಕೇಳಿ ಸಿಮೆಂಟು, ಕರಣಿ ಸಮೇತ ಬಂದು, ಹೊರಗಿನಿಂದಲೇ ಮೆತ್ತಿ ಹೋಗಿದ್ದೀಯ. ಆದರೆ ಒಮ್ಮೆಯೂ ನಮ್ಮ ಹೊಸ್ತಿಲು ದಾಟಿಲ್ಲ. ಕಟ್ಟೆಯ ಮೇಲೆ ಕೂತು, ಅಲ್ಲೇ ಚಹಾ ಕುಡಿದು, “ಬಸ್ಸಿನ ಹೊತ್ತಾತು” ಎಂದು ಎದ್ದುಬಿಡುತ್ತೀಯ. ನಮ್ಮ ಪಕ್ಕದ ಮನೆಯ ಗುರುಬಸವ್ವ ಕೇಳಿಯೂ ಕೇಳಿದಳು, “ನಿಮ್ಮಪ್ಪಗ ಒಳಗ ಬರಾಕ ಏನಾಗೈತಿ? ಅಳಿಯನ ಕೂಡ ಜಗಳ ಐತೇನು?” ಜಗಳವಿಲ್ಲ ಎಂದೆ. ಏನಾಗಿದೆ ಎಂದು ಮಾತ್ರ ಹೇಳಲಿಲ್ಲ. ಬಾಗಿಲು ತೆರೆದರೆ ಎದುರಿನ ಗೋಡೆಯ ಗೂಟಕ್ಕೆ ಒಂದು ಬೂದು ಬಣ್ಣದ ಕೋಟು ತೂಗುಬಿದ್ದಿರುತ್ತದೆ. ಅದು ನಿನ್ನ ಕೋಟು. ಅದು ನಿನ್ನದೆಂದು ನಿನಗೂ ಗೊತ್ತು, ನನಗೂ ಗೊತ್ತು, ಮೂರು ವರ್ಷದಿಂದ ಇಬ್ಬರೂ ಬಾಯಿ ಬಿಟ್ಟಿಲ್ಲ.

ಒಮ್ಮೆ ನೀನು ಬರುವ ಸುದ್ದಿ ತಿಳಿದು ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ನೀನು ಕಟ್ಟೆಯಿಂದಲೇ ಒಳಗೆ ಕಣ್ಣು ಹಾಯಿಸಿದೆ, ಗೂಟ ಬರಿದಾಗಿದ್ದು ಕಂಡಿತು. ಅವತ್ತು ಚಹಾವನ್ನೂ ಅರ್ಧಕ್ಕೇ ಬಿಟ್ಟು ಎದ್ದೆ. ಬಚ್ಚಿಟ್ಟದ್ದರಿಂದ ನಿನಗೆ ಇನ್ನೂ ಹೆಚ್ಚು ನೋವಾಯಿತೆಂದು ತಿಳಿದು ಮತ್ತೆ ಅಲ್ಲೇ ತೂಗುಹಾಕಿದೆ.

ಹಳೆಯ ಸಾಮಾನು ಕೊಳ್ಳುವುದು ನಮ್ಮ ಮನೆಯಲ್ಲಿ ನಾಚಿಕೆಯ ವಿಷಯ ಯಾವತ್ತೂ ಆಗಿರಲಿಲ್ಲ ಅಪ್ಪಾ. ಆಗದಂತೆ ನೋಡಿಕೊಂಡವನೇ ನೀನು. ನಿನ್ನನ್ನು ಹೆತ್ತ ಆಯಿಯ ಕಾಲದ ಮಾತನ್ನು ನೀನು ಒಂದೇ ಸಲ ಹೇಳಿದ್ದೆ, ಅದು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ. ಸುಗ್ಗಿ ಮುಗಿದ ಮೇಲೆ ಊರ ದೊಡ್ಡ ಮನೆಯವರು ಉಟ್ಟು ಬಿಟ್ಟ ಬಟ್ಟೆಗಳನ್ನು ಕೊಡುತ್ತಿದ್ದರು. ನಮ್ಮ ಓಣಿಯವರು ಕಟ್ಟೆಯ ಕೆಳಗೆ ನಿಂತು ಸೆರಗು ಒಡ್ಡಬೇಕು, ಮೇಲಿನಿಂದ ಅವರು ಹಾಕಬೇಕು. ಯಾವುದು ಬಿತ್ತೋ ಅದು ನಮ್ಮದು. ತಿರುಗಿಸಿ ನೋಡುವ ಹಾಗಿಲ್ಲ, ಬೇಡ ಎನ್ನುವ ಹಾಗಿಲ್ಲ. ಹುಡುಗನಾಗಿದ್ದ ನೀನು ಆಯಿಯ ಪಕ್ಕದಲ್ಲಿ ನಿಂತು ಅದನ್ನು ನೋಡಿದವನು. ದುಡಿಯಲು ಶುರುಮಾಡಿ ಗೋಡೆ ಕಟ್ಟುವ ಗೌಂಡಿ ಎನ್ನಿಸಿಕೊಂಡ ದಿನವೇ, “ನಮ್ಮ ಮನ್ಯಾಗ ಇನ್ನ ಪುಕ್ಕಟ ಅರಿವಿ ಬರಬಾರದು. ಹಳೇದು ಇರಲಿ, ಹರಕ ಇರಲಿ, ರೊಕ್ಕ ಕೊಟ್ಟು, ಹೊಳ್ಳಿಸಿ ನೋಡಿ, ಬ್ಯಾಡಾದ್ರ ಬಿಟ್ಟು ಬರೂ ಹಂಗ ಇರಬೇಕು” ಎಂದೆಯಂತೆ. ನಮಗೆ ಹಳೇ ಸಾಮಾನಿನ ಅಂಗಡಿ ಎಂದರೆ ‘ಬೇಡ’ ಎಂದು ಹೇಳಿ ಎದ್ದು ಬರಬಹುದಾದ ಜಾಗ. ನಾನು ಸಣ್ಣವಳಿದ್ದಾಗ ಇದು ತಿಳಿದಿರಲಿಲ್ಲ. ಈಗ ತಿಳಿಯುತ್ತದೆ.

ಕೊಳ್ಳುವ ವಿದ್ಯೆ ಕಲಿಸಿದವಳು ಮಾತ್ರ ನಿನ್ನ ಅಕ್ಕ, ನನ್ನ ಪದ್ಮವ್ವ ಅತ್ತೆ. ನಮ್ಮ ರಾಮದುರ್ಗದ ಸಂತೆಯ ದಿನ ನನ್ನ ಕೈ ಹಿಡಿದುಕೊಂಡು, ಹಳೇ ಜುನಾ ಸಾಮಾನು ಹರವಿಕೊಂಡು ಕೂತವರ ಸಾಲಿಗೆ ಹೋಗುತ್ತಿದ್ದಳು. ಮನಸ್ಸಿಗೆ ಬಂದದ್ದನ್ನು ಮೊದಲು ಮುಟ್ಟಬಾರದು. ಬೇಡವಾದದ್ದನ್ನು ಎತ್ತಿ, ಮೂಗು ಮುರಿದು, ಕೆಳಗಿಟ್ಟು, ಆಮೇಲೆ ಏನೋ ನೆನಪಾದವರಂತೆ ಬೇಕಾದದ್ದರ ಕಡೆ ಕೈ ಚಾಚಬೇಕು. ಸೀರೆಯಾದರೆ ಬಿಸಿಲಿಗೆ ಹಿಡಿಯಬೇಕು, ಮೈ ಸವೆದಿದ್ದರೆ ಅಂಚು ಎಷ್ಟೇ ಚೆಂದವಿದ್ದರೂ ಬಿಡಬೇಕು. ಕೊಡವಾದರೆ ನೀರು ತುಂಬಿಸಿ, ಅಂಗಡಿಯವನ ಹೆಂಡತಿ ಮಕ್ಕಳ ಸುದ್ದಿಯನ್ನೆಲ್ಲ ಕೇಳುತ್ತ ಕೂರಬೇಕು, ಸೋರುವುದಿದ್ದರೆ ಅಷ್ಟರಲ್ಲಿ ಸೋರಿರುತ್ತದೆ. ಕುರ್ಚಿಯಾದರೆ ಕೂತು ಹಿಂದಕ್ಕೂ ಮುಂದಕ್ಕೂ ಅಲ್ಲಾಡಬೇಕು, ಮಂದಿ ನಕ್ಕರೆ ನಗಲಿ. ಬಟ್ಟೆ ಕೊಳ್ಳುವಾಗ ಅವಳು ತಪ್ಪದೆ ಹೇಳುತ್ತಿದ್ದಳು, “ಹೊರಗಿಂದು ಅಂಗಡಿಯಂವಾ ತೋರಸ್ತಾನ. ಒಳಗಿಂದು ನಾವ ನೋಡಬೇಕವಾ.” ಅಗ್ಗವಾಗಿ, ಸೋವಿಯಲ್ಲಿ ಸಿಕ್ಕಿತೆಂದು ಯಾರಾದರೂ ಕುಣಿದರೆ ಅವಳಿಗೆ ಆಗುತ್ತಿರಲಿಲ್ಲ. “ಸೋವಿ ಐತಿ ಅಂತ ತಂದಿದ್ದು ಮನ್ಯಾಗ ಕುಂತು ಜಾಗಾ ತಿಂತೈತಿ” ಎಂದು ಬೈಯುತ್ತಿದ್ದಳು.

ಇಷ್ಟೆಲ್ಲ ಕಲಿತು ನಾನು ಒಬ್ಬಳೇ ಹೋಗಿ ತಂದ ಮೊದಲ ಸಾಮಾನು ಆ ಅಲಾರಾಂ ಗಡಿಯಾರ! ನೆನಪಿದೆಯಾ? ಅಂಗಡಿಯಲ್ಲಿ ಬೋರಲು ಮಲಗಿತ್ತು. ಬಗ್ಗಿ ಕಿವಿಗೊಟ್ಟೆ, ಟಿಕ್ ಟಿಕ್ ಎನ್ನುತ್ತಿತ್ತು, ಹುಮ್ಮಸ್ಸಿನಿಂದ ತಂದುಬಿಟ್ಟೆ. ಮನೆಯಲ್ಲಿ ನೆಟ್ಟಗೆ ಇಟ್ಟರೆ ನಿಂತಿತು. ಬೋರಲು ಹಾಕಿದರೆ ನಡೆಯಿತು. ಗಂಟೆ ಎಷ್ಟಾಯಿತೆಂದು ಎತ್ತಿ ನೋಡಿದರೆ ಮತ್ತೆ ನಿಂತಿತು. ನಾನು ಅಳುವುದನ್ನು ನೋಡಿ ನೀನು, “ಇರಲಿ ಬಿಡ, ಹೊತ್ತು ನಡ್ಯಾಕ ಹತ್ತೈತಿ ಅಂತರ ಗೊತ್ತಾಕ್ಕೇತಲ್ಲ” ಎಂದೆ. ಅದು ಈಗಲೂ ಅವ್ವ ದೀಪವಿಡುವ ಗೋಡೆಯ ಮಾಡದಲ್ಲಿ ಬೋರಲು ಮಲಗಿಕೊಂಡೇ ನಡೆಯುತ್ತಿರಬೇಕು.

ಆ ಕೋಟು ಬಂದದ್ದು ಡ್ಯಾಮಿನ ಕೆಲಸ ಮುಗಿದು ಕ್ಯಾಂಪು ಖಾಲಿಯಾಗುತ್ತಿದ್ದ ದಿನಗಳಲ್ಲಿ. ಸಾಹೇಬರೆಲ್ಲ ವರ್ಗವಾಗಿ ಹೊರಟಿದ್ದರು. ಒಯ್ಯಲಾರದ್ದನ್ನು ಕ್ವಾರ್ಟರ್ಸಿನ ಮುಂದೆ ಇಟ್ಟು ಮಾರುತ್ತಿದ್ದರು. ಮುನವಳ್ಳಿಯಿಂದ, ಸವದತ್ತಿಯಿಂದ ಜನ ಚಕ್ಕಡಿ ಕಟ್ಟಿಕೊಂಡು ಬಂದು ಮಂಚ, ಮೇಜು, ಸೊಳ್ಳೆಪರದೆ ಹೇರಿಕೊಂಡು ಹೋಗುತ್ತಿದ್ದರು. ನಿನ್ನ ಕೆಲಸ ಮೆಚ್ಚಿದ್ದ ಒಬ್ಬ ಓವರ್ಸಿಯರು ಈ ಉಲನ್ ಕೋಟನ್ನು ನಿನಗೆ ಸುಮ್ಮನೆ ಕೊಡಲು ಬಂದರು. ನೀನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, “ಏನು ಕೊಡ್ಲಿ ಹೇಳ್ರಿ ಸಾಹೇಬ್ರ, ಇಲ್ಲಾಂದ್ರ ನನಗ ಬ್ಯಾಡ್ರಿ” ಎಂದೆ. ಅವರು ನಗುತ್ತ ಒಂದು ಬೆಲೆ ಹೇಳಿದರು. ನೀನು ಅದರ ಮೇಲೂ ಚೌಕಾಶಿ ಮಾಡಿದೆ! ಪುಕ್ಕಟೆ ಬರುವ ಕೋಟಿಗೆ ಚೌಕಾಶಿ ಮಾಡಿದ ಮನುಷ್ಯ ಈ ಸೀಮೆಯಲ್ಲಿ ನೀನೊಬ್ಬನೇ ಇರಬೇಕು. ಆದರೆ ಅದನ್ನು ಹಾಕಿಕೊಂಡು ನೀನು ಓಣಿಯಲ್ಲಿ ನಡೆದು ಬಂದ ಸಂಜೆ ನಾನು ಬಾಗಿಲಲ್ಲಿ ನಿಂತಿದ್ದೆ. ನಮ್ಮ ವಂಶದಲ್ಲೇ ಮೊದಲ ಕೋಟು. ನಿನ್ನ ಉದ್ದ ತೋಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ನನ್ನ ಅಪ್ಪ ಎಷ್ಟು ಚೆಂದ ಕಾಣುತ್ತಾನೆ ಎಂದು ಎದೆ ಉಬ್ಬಿತ್ತು.

ಮುಂದಿನ ವರ್ಷ ಯಾವುದೋ ಮೊಳೆಗೆ ಸಿಕ್ಕಿ ಬಲಗಡೆ ಜೇಬಿನ ಹತ್ತಿರ ಹರಿಯಿತು. ಆ ಬಣ್ಣದ ದಾರ ರಾಮದುರ್ಗದಲ್ಲಿ ಎಲ್ಲೂ ಸಿಗಲಿಲ್ಲ. ಪದ್ಮವ್ವ ಅತ್ತೆ ಹೇಳಿಕೊಟ್ಟಂತೆ ಕೋಟಿನ ಅಂಚನ್ನು ಬಿಚ್ಚಿ, ಒಳಮಡಿಕೆಯಲ್ಲಿದ್ದ ಅದರದೇ ಎಳೆಗಳನ್ನು ಒಂದೊಂದಾಗಿ ಎಳೆದುಕೊಂಡು, ಹರಿದ ಜಾಗಕ್ಕೆ ನೇಯ್ದಂತೆ ತುಂಬಿದೆ. ಕಣ್ಣು ನೋಯುವಷ್ಟು ಕೂತು ಮಾಡಿದೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಒಳಗಿನಿಂದ ನೋಡಿದರೆ ಅಂಚಿನ ಬಟ್ಟೆ ತೆಳ್ಳಗಾಗಿದ್ದು ತಿಳಿಯುತ್ತದೆ.

ಆಮೇಲೆ ನನ್ನನ್ನು ನೋಡಲು ನೇಸರಗಿಯವರು ಬರುವ ಮಾತಾಯಿತು. ಬಂದವರು ಕುರ್ಚಿಯ ಮೇಲೆ ಕೂರಬೇಕು, ಅವರೆದುರು ನಾನೂ ಕುರ್ಚಿಯ ಮೇಲೆಯೇ ಕೂತು ಮಾತಾಡಬೇಕು ಎಂದು ನಿನಗೆ ಹಟ. ಒಂದು ದಿನ ಕ್ಯಾಂಪಿನ ನಾಲ್ಕು ಬೆತ್ತದ ಕುರ್ಚಿಗಳು ಮನೆಗೆ ಬಂದವು. ಕೋಟು ಮಾತ್ರ ಕಾಣಲಿಲ್ಲ. ಕಿತ್ತೂರಿನ ಗೆಳೆಯನ ಮಗನ ಮದುವೆಗೆ ಕೊಟ್ಟಿದ್ದೇನೆ ಎಂದೆ. ಕಿತ್ತೂರಿನ ಆ ಮದುವೆ ಇನ್ನೂ ಮುಗಿದಿಲ್ಲ ನೋಡು! ಅವ್ವ ನಂಬಿದಳು. ನಾನೂ ಅರೆಬರೆ ನಂಬಿದ್ದೆ.

ನೀನು ಮಾಡಿದ್ದು ಈಗ ನನಗೆ ಕಣ್ಣಿಗೆ ಕಟ್ಟಿದಂತಿದೆ. ರಾಮದುರ್ಗದಲ್ಲಿ ಮಾರಿದರೆ ಓಣಿಗೆ ತಿಳಿಯುತ್ತದೆ, ಸವದತ್ತಿಯಲ್ಲಿ ಮಾರಿದರೆ ಡ್ಯಾಮಿನ ಗೆಳೆಯರಿಗೆ ತಿಳಿಯುತ್ತದೆ, ಅದಕ್ಕೇ ಬಸ್ಸು ಹತ್ತಿ ದೂರದ ಬೈಲಹೊಂಗಲಕ್ಕೆ ಹೋಗಿ, ಜುನಾ ಅಂಗಡಿಯ ಲಗಮಪ್ಪನಿಗೆ ಮಾರಿ, ಆ ರೊಕ್ಕದಲ್ಲಿ ಕುರ್ಚಿ ತಂದೆ. ನಮ್ಮವರು ಮಾರುವುದು ಯಾವಾಗಲೂ ಹೀಗೇ, ಗುರುತಿನವರ ಕಣ್ಣು ತಪ್ಪಿಸಿ ಮತ್ತೊಂದು ತಾಲೂಕಿನಲ್ಲಿ. ಆದರೆ ನನ್ನನ್ನು ನೋಡಲು ಬರುವ ಹುಡುಗ ಅದೇ ಬೈಲಹೊಂಗಲದ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಫಿಟರ್ ಎಂಬುದು ನಿನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಅವನೂ ಹೆಣ್ಣು ನೋಡಲು ಒಂದು ಕೋಟು ಬೇಕೆಂದು ಅಂಗಡಿ ಹುಡುಕುತ್ತಿದ್ದ.

ಅವಲಕ್ಕಿಯ ತಾಟು ಹಿಡಿದುಕೊಂಡು ನಾನು ಹೊರಗೆ ಬಂದಾಗ ಮೊದಲು ಕಂಡದ್ದು ಹುಡುಗನಲ್ಲ, ಕೋಟು. ನೀನು ಬರೀ ಅಂಗಿಯಲ್ಲಿ ಎದುರಿನ ಕುರ್ಚಿಯ ಮೇಲೆ ಕೂತಿದ್ದೆ. ನಾನು ನಿನ್ನನ್ನು ನೋಡಿದೆ, ನೀನು ಗೋಡೆ ನೋಡಿದೆ. ಹುಡುಗನ ಸೋದರಮಾವ ಶಟ್ಟೆಪ್ಪ ಆಗಲೇ ಶುರುಮಾಡಿದ್ದ, “ನಮ್ಮ ಹುಡಗ ಬಾಳೂಂದು ಎಲ್ಲಾ ನೀಟ ನೋಡ್ರಿ. ಈ ಕೋಟು ಹುಬ್ಬಳ್ಳ್ಯಾಗ ಅಳತಿ ಕೊಟ್ಟು ಹೊಲಿಸಿದ್ರಿ.” ಪದ್ಮವ್ವ ಅತ್ತೆಯ ಕಣ್ಣು ಸುಮ್ಮನಿರುತ್ತದೆಯೇ? ನಿನ್ನ ಕೋಟು ಕಿತ್ತೂರಿನಲ್ಲಿದೆ ಎಂದೇ ನಂಬಿದ್ದ ಅವಳು ಕೋಟನ್ನು ಗುರುತಿಸದಿದ್ದರೂ ತೋಳಿನ ಉದ್ದವನ್ನು ಗುರುತಿಸಿದಳು. “ಅಳತಿ ಕೊಟ್ಟ ಹೊಲಿಸೀರಿ? ಹುಬ್ಬಳ್ಳಿ ಟೇಲರ್ ತೋಳ ಬೆರಳು ಮುಚ್ಚೂವಂಗ ಬಿಟ್ಟಾನಲ್ರಿ!” ಎಂದಳು.

ಅಪ್ಪಾ, ನನ್ನ ಮದುವೆ ಆಗ ಒಂದೇ ಒಂದು ಉತ್ತರದ ಮೇಲೆ ನಿಂತಿತ್ತು. ಆ ಹುಡುಗ ಮಾವನ ಮಾತಿಗೆ ಹೂಂ ಎಂದಿದ್ದರೆ ನೀನು ಸಂಬಂಧ ಬೇಡ ಎನ್ನುತ್ತಿದ್ದೆ, ಯಾಕೆ ಬೇಡ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಕೋಟು ಮಾರಿದ್ದು ಹೊರಬೀಳುತ್ತಿತ್ತು. ನನಗೂ ಬೇಡವೇ ಆಗುತ್ತಿತ್ತು. ನಿನ್ನ ಕೋಟು ಹಾಕಿಕೊಂಡು ಸುಳ್ಳು ಹೇಳುವವನ ಜೊತೆ ನಾನು ಹೇಗೆ ಬಾಳಲಿ?

ಹುಡುಗ ತೋಳನ್ನು ಮೇಲಕ್ಕೆ ಸರಿಸಿಕೊಂಡು ನಕ್ಕ. “ಮಾಮಾ ಪ್ರೀತೀಲೆ ಹಂಗ ಹೇಳತಾನ್ರಿ. ಇದು ಹಳೇ ಕೋಟು. ಬೈಲಹೊಂಗಲದಾಗ ಲಗಮಪ್ಪನ ಅಂಗಡ್ಯಾಗ ರೊಕ್ಕ ಕೊಟ್ಟು ತೊಗೊಂಡೇನ್ರಿ.” ಶಟ್ಟೆಪ್ಪ ಮಾವನಿಗೆ ಅವಲಕ್ಕಿ ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಕೋಟು ಕಳಚಿ, ತೊಡೆಯ ಮೇಲೆ ಒಳಗು ಹೊರಗು ಮಾಡಿ ಹರವಿದ. “ಇದಕ್ಕಿಂತ ಹೊಸಾವು ಅಲ್ಲೆ ಇದ್ದೂರಿ. ನಾ ಇದರ ಒಳಗ ನೋಡಿ ತೊಗೊಂಡೆ. ಹರದಲ್ಲೆ ಹೊರಗಿನ ದಾರ ಹಾಕಿಲ್ಲ ನೋಡ್ರಿ, ಕೋಟಿನ ಎಳಿನ ಬಿಡಿಸಿ ಕೋಟಿಗೆ ತುಂಬ್ಯಾರ. ಇಷ್ಟು ಕಾಳಜಿಲೆ ಇಟ್ಟ ಮನಿ ಕೋಟು ನನಗ ಕೈ ಕೊಡೂದಿಲ್ಲ ಅನಸ್ತು.”

ಯಾರಿಗೂ ಕಾಣಬಾರದೆಂದು ಮಾಡಿದ ಕೆಲಸವನ್ನು ಯಾವನೋ ಅಂಗಡಿಯಲ್ಲಿ ನಿಂತು, ತಿರುಗಿಸಿ ನೋಡಿ, ಮೆಚ್ಚಿ, ದುಡ್ಡು ಕೊಟ್ಟು ತಂದಿದ್ದಾನೆ. ನನ್ನನ್ನು ನೋಡುವುದಕ್ಕೂ ಮೊದಲೇ ನನ್ನ ಕೈ ನೋಡಿದ್ದಾನೆ. ಆ ಮಾತಿಗೇ ನಾನು ಅವರವಳಾದೆ ಅಪ್ಪಾ. ಇದನ್ನು ಅವ್ವನಿಗೂ ಹೇಳಿಲ್ಲ.

ನೀನು ಗೋಡೆಯಿಂದ ಕಣ್ಣು ತೆಗೆದು ಕೋಟಿನ ಕಡೆ ನೋಡಿದೆ. ಆಮೇಲೆ ಮೆಲ್ಲಗೆ, “ತೋಳು ಉದ್ದ ಆಗ್ಯಾವ. ಒಳಗ ಮಡಚಿ ಹೊಲಿಸಿಕೋರಿ. ಕತ್ತರಸಬ್ಯಾಡ್ರಿ” ಎಂದೆ. ಎಲ್ಲರೂ ಅದನ್ನು ಕೋಟಿನ ಮಾತು ಎಂದುಕೊಂಡರು. ನೀನು ಹುಡುಗನನ್ನು ಒಪ್ಪಿದೆ ಎಂದು ನನಗೆ ಮಾತ್ರ ತಿಳಿಯಿತು.

ಇನ್ನು ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಕೋಟು ನಿನ್ನದೆಂದು ಇವರಿಗೂ ಅವತ್ತೇ ಗೊತ್ತಾಗಿತ್ತು. ಹೊರಡುವಾಗ ನೀನು ಎಲೆ ಅಡಿಕೆಯ ತಾಟು ಮುಂದೆ ಮಾಡಿದೆಯಲ್ಲ, ಆಗ ನಿನ್ನ ಅಂಗಿಯ ಮೊಣಕೈ ಕಂಡಿತಂತೆ. ಅಲ್ಲಿಯೂ ಅದೇ ಕೈ, ಅದೇ ರೀತಿ ಅಂಗಿಯ ಎಳೆ ಅಂಗಿಗೇ ತುಂಬಿದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಕೋಟನ್ನು ನನ್ನ ಮುಂದೆ ಇಟ್ಟು, “ಇದು ನಿಮ್ಮಪ್ಪಂದು, ಹೌದಿಲ್ಲೊ?” ಎಂದರು. ನಾನು ಅತ್ತುಬಿಟ್ಟೆ. ಹಾಗಾದರೆ ತಿರುಗಿ ಕೊಟ್ಟುಬಿಡಿ ಎಂದೆ. ಇವರು ತಲೆ ಅಲ್ಲಾಡಿಸಿದರು. “ಕೊಟ್ರ ದಾನ ಆಕ್ಕೇತಿ. ನಿಮ್ಮಪ್ಪ ದಾನ ಮುಟ್ಟೂ ಮನಶ್ಯಾ ಅಲ್ಲ. ಅವ್ರಿಗೆ ಬೇಕಾದ ದಿನ ಮಾರೂಣು” ಎಂದರು. ಅವತ್ತಿನಿಂದ ಅವರು ಅದನ್ನು ಹಾಕಿಕೊಂಡಿಲ್ಲ. ನುಸಿ ಹಿಡಿಯದಿರಲೆಂದು ಗಾಳಿಗೆ ಗೂಟದ ಮೇಲೆ ಇಟ್ಟಿದ್ದೇವೆ, ಆಗಾಗ ಬಿಸಿಲಿಗೆ ಹಾಕಿ ಜಾಡಿಸುತ್ತಾರೆ. ನೀನು ಅದನ್ನು ಅಳಿಯನ ಕೋಟು ಎಂದು ನೋಡಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ನಾವು ಅದನ್ನು ನಿನಗೆ ಮಾರುವ ಸರಕು ಎಂದು ಕಾಯುತ್ತಿದ್ದೆವು.

ಈಗ ನಿನಗೆ ಕೋಟು ಬೇಕೆಂದು ಕಾಗದ ಬಂದಿದೆ. ಹೊಸದು ಹೊಲಿಸುವ ಮಾತು ಬಿಡು. ಪರಿಚಯದ ಕಂಡಕ್ಟರ್ ಕೈಯಲ್ಲಿ ಈ ಗಂಟು ಕಳಿಸುತ್ತಿದ್ದೇನೆ. ತೋಳಿನ ಮಡಿಕೆ ಬಿಚ್ಚಿ ಇಸ್ತ್ರಿ ಮಾಡಿದ್ದೇನೆ. ನೀನು ಹೇಳಿದ ಹಾಗೆ ಇವರು ಕತ್ತರಿಸಿರಲಿಲ್ಲ. ಹಾಕಿಕೊಂಡು ನೋಡು, ನಿನ್ನ ಅಳತೆಗೆ ಸರಿಯಾಗಿ ಬರುತ್ತದೆ.

ಆದರೆ ಪುಕ್ಕಟೆ ಅಲ್ಲ ಮತ್ತೆ. ಇದರ ಬೆಲೆ ಒಂದು ಕುರ್ಚಿ. ಚೌಕಾಶಿ ಇಲ್ಲ, ನಾನು ಆ ಓವರ್ಸಿಯರ್ ಸಾಹೇಬರಲ್ಲ. ಕಾಲು ಅಲುಗುವುದನ್ನು ಕಳಿಸಬೇಡ, ಕೂತು ಅಲ್ಲಾಡಿಸಿ ನೋಡಿಯೇ ತೆಗೆದುಕೊಳ್ಳುವವಳು ನಾನು. ಅವತ್ತು ನೀನು ಕೂತಿದ್ದೆಯಲ್ಲ, ಅದೇ ಬೇಕು. ಉಳಿದ ಮೂರನ್ನು ಹಿತ್ತಲಿಗೆ ಹಾಕದೆ ಪಡಸಾಲೆಯಲ್ಲೇ ಇಡು. ಸವದತ್ತಿಯವರು ಕೇಳಿದರೆ ಹಳೆಯದು, ರೊಕ್ಕ ಕೊಟ್ಟು ತಂದದ್ದು ಎಂದು ಹೇಳು. ಹೇಳಿ, ಹುಡುಗನ ಮುಖ ನೋಡು. ಮೂಗು ಮುರಿದರೆ ಚಹಾ ಕುಡಿಸಿ ಕಳಿಸಿಬಿಡು, ನಮ್ಮ ಕೃಷ್ಣವ್ವನಿಗೆ ಅಂಥವನು ಬೇಡ. ಮುಂದಕ್ಕೆ ಬಗ್ಗಿ ಬೆತ್ತದ ಹೆಣಿಗೆ ಮುಟ್ಟಿ ನೋಡಿದರೆ ಇನ್ನೊಂದು ಕಪ್ ಚಹಾ ತರಿಸು. ನಿನ್ನ ಅಳಿಯ ಏನು ಮಾತಾಡಬೇಕೋ ಅದನ್ನೇ ಮಾತಾಡುತ್ತಾರೆ, ಅದಕ್ಕೆ ನನ್ನ ಜವಾಬ್ದಾರಿ ಇಲ್ಲ.

ಒಂದೇ ಮಾತು ಉಳಿದಿದೆ. ಆಯಿ ಯಾರದೋ ಮನೆಯ ಕಟ್ಟೆಯ ಕೆಳಗೆ ನಿಂತಳು. ಅವಳ ಮಗ ತನ್ನ ಮಗಳ ಮನೆಯ ಕಟ್ಟೆಯ ಮೇಲೆ ಕೂತು, ಅಲ್ಲಿಂದಲೇ ತಿರುಗಿ ಹೋಗುವುದು ನನ್ನಿಂದ ನೋಡಲಾಗುವುದಿಲ್ಲ. ಗೂಟ ಈಗ ಖಾಲಿಯಿದೆ. ಕುರ್ಚಿ ಬಂದ ಮೇಲೆ ಅದರ ಕೆಳಗೇ ಇಡುತ್ತೇನೆ. ಕೃಷ್ಣವ್ವನ ಮಾತು ಗಟ್ಟಿಯಾದ ಮೇಲೆ ಆ ಸುದ್ದಿ ಹೇಳಲು ಕೋಟು ಹಾಕಿಕೊಂಡೇ ಬಾ. ಹೊಸ್ತಿಲು ದಾಟಿ ಒಳಗೆ ಬಂದು, ನಿನ್ನ ಕೈಯಾರೆ ಅದನ್ನು ಕಳಚಿ ಆ ಗೂಟಕ್ಕೆ ತೂಗುಹಾಕಿ, ನಿನ್ನ ಕುರ್ಚಿಯ ಮೇಲೆ ಕೂತುಕೋ. ಬಸ್ಸು ಒಂದು ಹೋದರೆ ಇನ್ನೊಂದು ಬರುತ್ತದೆ.

ಅವ್ವನಿಗೆ, ಪದ್ಮವ್ವ ಅತ್ತೆಗೆ ನಮಸ್ಕಾರ ತಿಳಿಸು. ತಂಗಿಗೆ ಒಳಗಿನದನ್ನು ನೋಡಿ ಒಪ್ಪುವ ಗಂಡ ಸಿಗಲಿ, ನಿನಗೆ ನೂರು ಕಾಲ ಆ ಕೋಟು ಬಾಳಲಿ.

ಚಹಾಕ್ಕೆ ನೀರಿಟ್ಟುಕೊಂಡು ಕಾಯುವ
ನಿನ್ನ ಮಗಳು,
ಸುಂದರವ್ವ